ಹಮಾಲಿ

ಉದ್ಯಮಬಾಗದಲ್ಲಿ ಮುಚ್ಚಿಹೋದ ಒಂದು ಫೌಂಡ್ರಿಯ ಶೆಡ್ಡು.
ನೆಲದ ಬಿರುಕುಗಳಲ್ಲಿ ಇನ್ನೂ ಎರಕದ ಕರಿ ಮರಳು.
ಮೊದಲು ಇಲ್ಲಿ ಕಬ್ಬಿಣ ಕುದಿಯುತ್ತಿತ್ತು,
ಈಗ ಬಾರ್ಲಿ.
ನಾನು ಲೆಕ್ಕ ಬರೆಯುವವಳು:
ಒಳಬಂದ ಚೀಲ, ಹೊರಹೋದ ಪೀಪಾಯಿ,
ಅಬಕಾರಿಯವರು ಬಂದರೆ ತೋರಿಸಲು ಹಸಿರು ರಟ್ಟಿನ ವಹಿ.

ನಮ್ಮ ಬಾರೆಟ್ಟೊ ಮೇಸ್ತ್ರಿ
ಉಕ್ಕಿನ ಡೋಲಿನಲ್ಲಿ ಕಾಳು ತಿರುವುತ್ತ ತಿರುವುತ್ತ ಹುರಿಯುತ್ತಾನೆ.
ಕಾಫಿಯ ಬಣ್ಣ ದಾಟಿ, ಇದ್ದಿಲಾಗಲು ಒಂದೇ ಹೆಜ್ಜೆ ಇರುವಾಗ
ಥಟ್ಟನೆ ನೀರು ಚಿಮುಕಿಸುತ್ತಾನೆ.
"ಆ ಉಳಿದ ಹೆಜ್ಜೆ ಐತಲ್ಲ, ಅದ ಈ ಬೀರು."

ಗ್ಲಾಸಿಗೆ ಬಗ್ಗಿಸಿದರೆ ಬೆಳಕು ಆಚೆ ದಾಟುವುದಿಲ್ಲ.
ಕಿಟಕಿಗೆ ಹಿಡಿದರೆ ಅಂಚಿನಲ್ಲಿ ಮಾತ್ರ ಒಂದೆಳೆ ಕೆಂಪು,
ಚಂದ್ರಕಾಳಿ ಸೀರೆಯ ದಡಿ.
ಮೇಲೆ ಬೆಲ್ಲದ ಕೊಪ್ಪರಿಗೆಯ ನೊರೆ.
ನಾಲಿಗೆಗೆ ಮೊದಲು ಹಂಚಿಗೆ ಹತ್ತಿದ ರೊಟ್ಟಿ,
ಆಮೇಲೆ ಕಾಕಂಬಿ,
ತೀರಾ ಕೊನೆಗೆ ಎದೆಯೊಳಗೆ ಯಾರೋ
ಚಳಿಗೆ ಬಾಗಿಲು ಮುಂದೆ ಮಾಡಿಕೊಂಡಂತೆ ಬೆಚ್ಚಗೆ.
ಹೊಸದರಲ್ಲಿ ಸಿಡುಕು. ವರುಷ ಇಟ್ಟರೆ
ದೊಡ್ಡಪ್ಪನ ಹಾಗೆ ಮೆತ್ತಗಾಗುತ್ತದೆ.
ಇದನ್ನೆಲ್ಲ ಬರೆಯಲು ವಹಿಯಲ್ಲಿ ಮನೆಯಿಲ್ಲ.

ಎಲ್ಲಿಯದು ಇದು ಎಂದು ಕೇಳಿದೆ.
ಲಂಡನ್ನಿನದು, ಅಂದ. ಮೂಟೆ ಹೊರುವವರು ಬೀದಿಯಲ್ಲಿ ನಿಂತು ಕುಡಿಯುತ್ತಿದ್ದರು,
ಅವರ ಹೆಸರೇ ಬಿತ್ತು: ಪೋರ್ಟರ್. ಹಮಾಲ.
ಗಟ್ಟಿ ಮಾಡಿದ್ದಕ್ಕೆ ಸ್ಟೌಟ್ ಎಂದರು.
ಇನ್ನೂ ಗಟ್ಟಿಯಾದದ್ದು ಹಡಗು ಹತ್ತಿ ರಷ್ಯಾದ ರಾಣಿಯ ಅರಮನೆಗೆ ಹೋಯಿತು,
ತಲೆಗೊಂದು ಕಿರೀಟ ಇಟ್ಟುಕೊಂಡಿತು: ಇಂಪೀರಿಯಲ್.
ಕಡಲ ದಾರಿ ತಾಳಲಿ ಎಂದೇ ಬಲ ಏರಿಸಿದರಂತೆ.
"ಖರೇನೋ, ಮಾರಾವ್ರು ಕಟ್ಟಿದ್ದೋ," ಕಿವಿ ಕೆರೆದುಕೊಂಡ.
ನಮ್ಮ ಕ್ಯಾಂಪಿನ ಗೋರಾ ಸಿಪಾಯಿಗಳಿಗೂ ಬರುತ್ತಿತ್ತಂತೆ
ಅದರ ಬಡ ತಮ್ಮ, ವೆಂಗುರ್ಲೆಯಲ್ಲಿ ಇಳಿದು,
ಎತ್ತಿನ ಗಾಡಿಯಲ್ಲಿ ಘಾಟು ಹತ್ತಿ.

ಮರುದಿನ ಅಪ್ಪನನ್ನು ಕರೆತಂದೆ.

ಭರಮಾ ಕಡೋಲಕರ,
ರವಿವಾರ ಪೇಟೆಯಲ್ಲಿ ಮೂವತ್ತೆಂಟು ವರುಷ ಹಮಾಲ.
ಎಡ ಹೆಗಲ ಮೇಲೆ ಲಿಂಬೆಯಷ್ಟು ಗಂಟು,
ಕೊರಳಲ್ಲಿ ತುಳಸಿಮಾಲೆ. ಪಂಢರಪುರಕ್ಕೆ ನಡೆದು ಹೋಗುವವನು,
ಕುಡಿಯುವ ಮಾತೇ ಇಲ್ಲ.
ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಯಾಕೆ ಬಿಟ್ಟನೋ.

ನಿಮ್ಮ ಹೆಸರಿನ ಬೀರು, ಅಪ್ಪಾ, ರಾಣಿಯ ತನಕ ಹೋಯಿತು,
ಎಂದು ಕತೆ ಹೇಳಿದೆ.
ಗ್ಲಾಸನ್ನು ಮೂಗಿನ ಹತ್ತಿರ ತಂದು ಎರಡು ಸಲ ಎಳೆದುಕೊಂಡ.
ಬೆಲ್ಲದ ಪೆಂಟೆ, ನಿಪ್ಪಾಣಿ ತಂಬಾಕು, ಒಣ ಮೆಣಸಿನಕಾಯಿ,
ಏನೆಲ್ಲ ಹೊತ್ತ ಮೂಗು ಅದು.
"ಸುಟ್ಟಿಲ್ಲ. ಚಲೋ ಹುರದೀರಿ," ಅಂದ.

ಗ್ಲಾಸು ಕೆಳಗಿಟ್ಟು
ತುಂಬಿದ ಪೀಪಾಯಿಗೆ ಒಂದು ಸುತ್ತು ಹಾಕಿದ.
ಬೆರಳ ಗೆಣ್ಣಿನಿಂದ ಬಡಿದ, ಓರೆ ಮಾಡಿ ನೋಡಿದ.
"ಅರವತ್ತರ ಮ್ಯಾಲ ಐತಿ."
ಅರವತ್ತೆರಡು. ವಹಿಯಲ್ಲಿ ಇದೆ.

ಆಮೇಲೆ ಮೇಸ್ತ್ರಿಯ ಕಡೆ ತಿರುಗಿ:
"ಹೆಸರ ಇಟ್ರು, ಬರೋಬ್ಬರಿ.
ಹಡಗಿಗಿ ಏರ್ಸಿದಾವ್ರು ಯಾರು? ಅಲ್ಲಿ ಇಳಿಸಿದಾವ್ರು?
ಅವ್ರಿಗಿ ನಗಕ್ಕ ಎಷ್ಟ ಕೊಟ್ರು?"

ಬಾರೆಟ್ಟೊ ನಕ್ಕ. ಸ್ವಲ್ಪ ಹೊತ್ತಿಗೆ ನಗು ಎಲ್ಲಿ ಇಡಬೇಕೆಂದು ತಿಳಿಯದೆ
ಡೋಲಿನ ಕಡೆ ನೋಡಿದ.
ನಾನು ವಹಿ ತೆರೆದೆ. ನಮ್ಮ ಗೇಟಿನಲ್ಲಿ ಚೀಲ ಇಳಿಸುವ ಇಬ್ಬರು
'ಇತರೆ ಖರ್ಚು' ಎಂಬ ಮನೆಯಲ್ಲಿದ್ದರು,
ಫಿನೈಲು ಮತ್ತು ಪೊರಕೆಯ ಜೊತೆ.
ಬರೆದದ್ದು ನನ್ನದೇ ಕೈ.

ಹೊರಡುವಾಗ ಅಪ್ಪ ಹುರಿದ ಬಾರ್ಲಿ ಒಂದು ಹಿಡಿ
ಕೇಳಿಯೇ ಕಿಸೆಗೆ ಹಾಕಿಕೊಂಡ.
ಬಸ್ಸಿನಲ್ಲಿ ಒಂದೊಂದೇ ಅಗಿಯುತ್ತ ಕೂತ.
ಗೋವಾವೇಸ್ ಬರುವಷ್ಟರಲ್ಲಿ ಹಲ್ಲೆಲ್ಲ ಕಪ್ಪು.
"ಭಾಳ ಕಹಿ ಐತಿ ಬೇ," ಅಂದ,
ಮತ್ತೆ ಕಿಸೆಗೆ ಕೈ ಹಾಕಿದ.